ಹಾಗೇ ಒಂದು ಗಳಿಗೆ

ಕೇಳುಗರಿಗೆ ನಮಸ್ಕಾರ.

ಮದುವೆಗೆ ಕಾರಿನಲ್ಲಿ ಹೊರಟರೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. "ಹೇಗೂ ಆ ದಾರೀಲೇ ಹೋಗ್ತೀವಲ್ಲ, ಚಿಕ್ಕಮ್ಮನ ಮನೆಗೆ ಹಾಗೇ ಒಂದು ಗಳಿಗೆ ಹೋಗಿ ಬರೋಣ." ಈ 'ಹಾಗೇ' ಅನ್ನೋ ಮಾತನ್ನು ನಂಬಬೇಡಿ. ನಾನು ನಂಬಿ ಕೆಟ್ಟವನು.

ಒಮ್ಮೆ ನಾವು ಐದು ಜನ ಹೊರಟೆವು. ದಾರಿಯಲ್ಲಿ ಮೂರು ಮನೆ. ಒಂದೊಂದು ಮನೆಗೆ ಅರ್ಧ ಗಂಟೆ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಚಿಕ್ಕಮ್ಮನ ಮನೆಯಲ್ಲಿ ಕೂತದ್ದು ಅರ್ಧ ಗಂಟೆಯೇ, ಸುಳ್ಳಲ್ಲ. ಆದರೆ "ಬರ್ತೀವಿ" ಎಂದು ಎದ್ದ ಮೇಲೆ ಮುಕ್ಕಾಲು ಗಂಟೆ ಹೋಯಿತು! ನಡುಮನೆಯಲ್ಲಿ ನಿಂತು 10 ನಿಮಿಷ, ಬಾಗಿಲಲ್ಲಿ 15, ಗೇಟಿನ ಹತ್ತಿರ 20. ನಿಜವಾದ ವಿಷಯ ಹೊರಬರುವುದೇ ಗೇಟಿನ ಹತ್ತಿರ, ಅಲ್ವಾ? ಯಾರಿಗೆ ಮಂಡಿನೋವು, ಯಾರ ಮಗ ಕೆಲಸ ಬಿಟ್ಟ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ. ಒಳಗೆ ಕೂತಾಗ ಇದೊಂದೂ ಬಾಯಿಗೆ ಬಂದಿರಲಿಲ್ಲ.

ಹೋದ ಹೊತ್ತನ್ನು ಜೋರಾಗಿ ಓಡಿಸಿ ಸರಿದೂಗಿಸೋಣ ಎಂದರೆ ಲೆಕ್ಕ ಹೊಂದುವುದಿಲ್ಲ. 60 ಕಿಲೋಮೀಟರ್ ದಾರಿಯಲ್ಲಿ ಗಂಟೆಗೆ 60ರ ಬದಲು 80ರ ವೇಗದಲ್ಲಿ ಹೋದರೂ ಉಳಿಯುವುದು ಬರೀ 15 ನಿಮಿಷ. ಮುಂದಿನ ಮನೆಯ ಗೇಟಿಗೇ ಅದು ಸಾಲದು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಗಳು ವಾಂತಿ ಬರುತ್ತೆ ಎಂದಳು. ಮೊಬೈಲ್ ನೋಡುತ್ತಾ ಕೂತಿದ್ದಳು. ಕಣ್ಣು ಕದಲುತ್ತಿಲ್ಲ ಎನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಕದಲುತ್ತಿದ್ದೇವೆ ಎನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಮುಂದೆ ಕೂರಿಸಿ ದೂರಕ್ಕೆ ನೋಡು ಎಂದೆವು, ಸರಿಹೋಯಿತು.

ಎರಡನೆಯದು ಅತ್ತೆಯ ಮನೆ. ಊಟ ಜಾಸ್ತಿಯೇ ಆಯಿತು. ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಊಟ ಮಾಡದಿದ್ದರೂ ಕಣ್ಣಿಗೆ ಜೋಂಪು ಹತ್ತುತ್ತದೆ, ಉಂಡಿದ್ದರೆ ಕೇಳಬೇಕೆ? ಗಂಟೆಗೆ 90ರ ವೇಗದಲ್ಲಿ 4 ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು 100 ಮೀಟರ್ ಮುಂದೆ ಹೋಗಿರುತ್ತದೆ. ಅತ್ತೆಗೆ ಈ ಲೆಕ್ಕವೆಲ್ಲ ಗೊತ್ತಿಲ್ಲ. ನನ್ನ ಮುಖ ನೋಡಿ, "ಸುಮ್ನೆ ಹೋಗಿ ಸ್ವಲ್ಪ ಹೊತ್ತು ಅಡ್ಡಾಗು" ಎಂದು ದಿಂಬು ಕೊಟ್ಟರು. 20 ನಿಮಿಷ ಮಲಗಿದೆ. ಇಡೀ ಪ್ರಯಾಣದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಲಿಲ್ಲ.

ಮೂರನೆಯ ಮನೆಗೆ ಹೊತ್ತೇ ಇರಲಿಲ್ಲ. ಅಳುಕುತ್ತಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಅದಕ್ಕೇನು, ನಾನೇ ರಸ್ತೆಗೆ ಬರ್ತೀನಿ" ಎಂದರು. ಹೋಗುವಷ್ಟರಲ್ಲಿ ಕೋಲೂರಿ ನಿಂತಿದ್ದರು. ಐದು ನಿಮಿಷ ಮಾತಾಡಿ, ಕತ್ತಲಾಗೋ ಮೊದಲು ಸೇರ್ಕೊಳ್ಳಿ ಎಂದು ಅವರೇ ಕಾರಿನ ಬಾಗಿಲು ಹಾಕಿದರು.

ವಾಪಸ್ ಬರುವಾಗ ನೇರ ಅವರ ಮನೆಗೇ ಹೋದೆವು. ಈಗ ಅವಸರವಿಲ್ಲ, ಹೇಳಲು ಮದುವೆಯ ಸುದ್ದಿ ಬೇರೆ ಇತ್ತು. ಯಾರು ಬಂದಿದ್ದರು, ಯಾರು ಬರಲಿಲ್ಲ, ತಮ್ಮನ್ನು ಯಾರು ಕೇಳಿದರು, ಒಂದೂ ಬಿಡದೆ ವಿಚಾರಿಸಿದರು. ಆಮೇಲೆ ಗೇಟಿನ ತನಕ ಬಂದರು. ಅಲ್ಲಿ ಎಷ್ಟು ಹೊತ್ತಾಯಿತೋ, ನಾನು ಗಡಿಯಾರ ನೋಡಲಿಲ್ಲ.

ನಮಸ್ಕಾರ.