ಊರಿಗಿಂತ ದೊಡ್ಡ ಸ್ಟೇಷನ್

ಕೇಳುಗರಿಗೆ ನಮಸ್ಕಾರ. ದಿನವಿಡೀ ಜನ ಇಳಿಯುತ್ತಿದ್ದರೂ ಹೆಚ್ಚಿನವರು ಊರೊಳಗೆ ಕಾಲಿಡದೆ ಹೋಗುತ್ತಿದ್ದ ಒಂದು ಸ್ಟೇಷನ್ ಇತ್ತು. ಇವತ್ತು ಅದರ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಮಿಲ್ಲರ್ಸ್ ಡೇಲ್ ಅಂತ ಒಂದು ಹಳ್ಳಿ. ಸುಣ್ಣಕಲ್ಲಿನ ಗುಡ್ಡಗಳ ನಡುವೆ ವೈ ಹೊಳೆ ಹರಿಯುತ್ತದೆ. ಕಣಿವೆಯಲ್ಲಿ ಒಂದಷ್ಟು ಮನೆ, ಮೇಲೆ ಗುಡ್ಡದ ಪಕ್ಕೆಯಲ್ಲಿ ಸ್ಟೇಷನ್. ಅದಕ್ಕೆ ಐದು ಪ್ಲಾಟ್‌ಫಾರಂ! ಇಷ್ಟು ಸಣ್ಣ ಊರಿಗೆ ಅಷ್ಟು ಯಾಕೆ ಅನ್ನಿಸುತ್ತದೆ, ಅಲ್ವಾ?

ಎಲ್ಲಾ ಬಕ್ಸ್‌ಟನ್‌ನಿಂದಾಗಿ. ಅದು ಬೆಚ್ಚನೆಯ ನೀರಿನ ಬುಗ್ಗೆಗೆ ಹೆಸರಾದ ಊರು. ಕೈಯಲ್ಲಿ ಕಾಸಿದ್ದವರು ಆರೋಗ್ಯಕ್ಕೆ ಅಂತ ಅಲ್ಲಿಗೆ ಹೋಗುತ್ತಿದ್ದರು. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ 1863ರಲ್ಲಿ ಈ ಕಣಿವೆ ಹಾದು ಅಲ್ಲಿಗೆ ಹಳಿ ಹಾಕಿತು. ಆದರೆ ಕಂಪನಿಯ ಕಣ್ಣು ಮ್ಯಾಂಚೆಸ್ಟರ್ ಮೇಲೆ. 1867ರಲ್ಲಿ ಮುಖ್ಯ ದಾರಿ ಅತ್ತ ಹೊರಟಿತು, ಬಕ್ಸ್‌ಟನ್ ಕವಲಿನ ತುದಿಯಲ್ಲಿ ಉಳಿಯಿತು. ಲಂಡನ್ ಕಡೆಯಿಂದ ಬಂದವರು ಮಿಲ್ಲರ್ಸ್ ಡೇಲ್‌ನಲ್ಲಿ ಇಳಿದು, ಪೆಟ್ಟಿಗೆ ಇಳಿಸಿ, ಬಕ್ಸ್‌ಟನ್ ಗಾಡಿಗೆ ಕಾಯಬೇಕು. ಬೋರ್ಡಿನಲ್ಲೂ ಪಕ್ಕದ ಊರಿನ ಹೆಸರೇ ಸೇರಿಕೊಂಡಿತ್ತು: ಟೈಡ್ಸ್‌ವೆಲ್‌ಗೆ ಹೋಗುವವರು ಇಲ್ಲಿ ಇಳಿಯಿರಿ ಅಂತ. ಪಾಪ, ಮಿಲ್ಲರ್ಸ್ ಡೇಲ್!

ನನಗೆ ತುಂಬಾ ಇಷ್ಟವಾದದ್ದು ಅಲ್ಲಿನ ಅಂಚೆ ಕಚೇರಿ. ಪ್ಲಾಟ್‌ಫಾರಂ ಮೇಲೆಯೇ ಇತ್ತು, ಇಂಗ್ಲೆಂಡಿನಲ್ಲೂ ಇದು ಅಪರೂಪ. ಗಾಡಿ ತಡವಾದರೆ ಸುಮ್ನೆ ನಿಲ್ಲುವ ಬದಲು ಮನೆಗೊಂದು ಕಾಗದ ಬರೆದು ಹಾಕಿಬಿಡಬಹುದಿತ್ತು.

ಹತ್ತಿರದಲ್ಲೇ ಸುಣ್ಣದ ಗೂಡುಗಳು. ಗಾಡಿಗಳ ಓಡಾಟ ಜಾಸ್ತಿಯಾಗಿ, ಹೊಳೆ ದಾಟಲು ಒಂದೇ ಸೇತುವೆ ಸಾಲದಾಯಿತು. 1905ರಲ್ಲಿ ಪಕ್ಕದಲ್ಲೇ ಇನ್ನೊಂದು ಕಟ್ಟಿದರು. ಇವತ್ತಿಗೂ ಎರಡೂ ಜೋಡಿಯಾಗಿ ನಿಂತಿವೆ.

ಆಮೇಲೆ ಕಾರುಗಳು ಬಂದವು. ನಷ್ಟದ ದಾರಿಗಳನ್ನು ಮುಚ್ಚಿ ಅಂತ 1963ರಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ವರದಿ ಕೊಟ್ಟರು. 1967ರ ಮಾರ್ಚ್‌ನಲ್ಲಿ ಸ್ಟೇಷನ್ ಮುಚ್ಚಿತು. ಮರುವರ್ಷ ಮ್ಯಾಂಚೆಸ್ಟರ್ ಗಾಡಿಗಳೂ ಈ ಕಣಿವೆ ಬಿಟ್ಟವು. ಗೂಡಿನ ಬೆಂಕಿ ಅದಕ್ಕೂ ಮೊದಲೇ, 1944ರಲ್ಲಿ, ಆರಿತ್ತು.

ಹಳಿ ಕಿತ್ತ ಜಾಗ 1981ರಲ್ಲಿ ನಡೆದಾಡುವ ದಾರಿಯಾಯಿತು. ಹೆಸರು ಮಾನ್ಸಲ್ ಟ್ರೇಲ್. ಸುರಂಗಗಳನ್ನು ಮಾತ್ರ ಮುಚ್ಚಿಯೇ ಇಟ್ಟಿದ್ದರು, ಗುಡ್ಡ ಹತ್ತಿಳಿದು ಸುತ್ತಿ ಹೋಗಬೇಕಿತ್ತು. 2011ರಲ್ಲಿ ದೀಪ ಹಾಕಿ ತೆರೆದರು. ಈಗ ಸ್ಟೇಷನ್ ಕಟ್ಟಡದಲ್ಲಿ ಕಾಫಿ ಸಿಗುತ್ತದೆ. ಸೈಕಲ್ ಒರಗಿಸಿ ಕುಡಿಯುತ್ತಾರೆ, ಮತ್ತೆ ಹತ್ತಿ ಬೇಕ್‌ವೆಲ್ ಕಡೆಗೆ ಹೊರಡುತ್ತಾರೆ. ಊರು ಕೆಳಗೇ ಇರುತ್ತದೆ.