ಬೀರುವಿನಲ್ಲಿದ್ದ ಸಂಗೀತ: ಅಹಮದಾಬಾದ್ ಟೇಪುಗಳ ಕಥೆ

[ದೃಶ್ಯ: ಸಕಲೇಶಪುರ ಸ್ಟೇಷನ್. ಘಾಟಿಗೆ ಹೊರಟ ಗೂಡ್ಸ್ ರೈಲು. ಚಕ್ರದ ಸದ್ದು ಮಾತ್ರ.]

ಇದು ಸಂಗೀತ ಅಂದರೆ ನಗುತ್ತೀರಿ, ಅಲ್ವಾ? 1948ರಲ್ಲಿ ಪ್ಯಾರಿಸ್‌ನ ರೇಡಿಯೋ ಎಂಜಿನಿಯರ್ ಪಿಯೆರ್ ಶೆಫರ್ ರೈಲಿನ ಸದ್ದುಗಳನ್ನೇ ತುಂಡು ಮಾಡಿ, ಜೋಡಿಸಿ ಒಂದು ಕೃತಿ ಕಟ್ಟಿದರು. ಆಗ ಅವರ ಹತ್ತಿರ ಇದ್ದದ್ದು ಬರೀ ಗ್ರಾಮಫೋನ್ ಡಿಸ್ಕ್. ಟೇಪ್ ಬಂದ ಮೇಲೆ ಆಟ ಜೋರಾಯಿತು.

[ಹತ್ತಿರದಿಂದ: ಟೇಪು, ಬ್ಲೇಡು]

ಸ್ಟುಡಿಯೋ ಟೇಪು ಸಾಮಾನ್ಯವಾಗಿ ಸೆಕೆಂಡಿಗೆ 15 ಇಂಚು ಓಡುತ್ತದೆ. ಅಂದರೆ ಒಂದು ಸೆಕೆಂಡಿನ ಸದ್ದು ಒಂದು ಮೊಳಕ್ಕೆ ಸ್ವಲ್ಪ ಕಮ್ಮಿ. ಬೇಕಾದಷ್ಟು ಅಳೆದು, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ನೇರ ಕತ್ತರಿಸಿದರೆ ಜೋಡಣೆಯಲ್ಲಿ ಟಕ್ ಅನ್ನುತ್ತದೆ. ಓರೆಯಾಗಿದ್ದರೆ ಒಂದು ಸದ್ದು ಇನ್ನೊಂದರೊಳಗೆ ಮೆಲ್ಲಗೆ ಜಾರುತ್ತದೆ.

ಇದೆಲ್ಲ ಯುರೋಪಿನವರ ಹುಚ್ಚು ಅಂದುಕೊಳ್ಳಬೇಡಿ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಬಂದು, ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಮೋಗ್ ಸಿಂಥಸೈಸರ್ ಇರುವ ಸ್ಟುಡಿಯೋ ಕಟ್ಟಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಯ ಜೋಶಿಪುರ ಅಲ್ಲಿ ಕೂತು ಪ್ರಯೋಗ ಮಾಡಿದರು. ಈ ಗೀತಾ ಅವರೇ 1946ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ನಮ್ಮ ಸಂಗೀತ ಹೇಳಿಕೊಟ್ಟವರು. ಆ ಪಾಠ ಕಲಿತವನ ಹೆಸರು ಜಗತ್ತಿಗೇ ಗೊತ್ತು, ಗುರುವಿನ ಹೆಸರು ನಮಗೇ ಗೊತ್ತಿಲ್ಲ!

ಕೆಲವೇ ವರ್ಷದಲ್ಲಿ ಸ್ಟುಡಿಯೋ ನಿಂತಿತು. ಟೇಪುಗಳು ಸಂಸ್ಥೆಯಲ್ಲೇ ಸುಮ್ನೆ ಬಿದ್ದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದರು. 2023ರಲ್ಲಿ ಆಯ್ದ ಭಾಗಗಳು ಆಲ್ಬಂ ಆಗಿ ಬಂದವು. ಮುಂಬೈನ ಸಂಗೀತಗಾರ ಚರಣ್‌ಜಿತ್ ಸಿಂಗ್ ಅವರ 1982ರ ಸಿಂಥಸೈಸರ್ ರಾಗಗಳು 2010ರಲ್ಲಿ ಮತ್ತೆ ಬಂದವಲ್ಲ, ಅದು ಮರುಬಿಡುಗಡೆ. ಅಹಮದಾಬಾದಿನದು 50 ವರ್ಷ ತಡವಾಗಿ ಆದ ಮೊದಲ ಬಿಡುಗಡೆ. ಇಂಥ ರೆಕಾರ್ಡುಗಳನ್ನು ಶೋಕಿಗೆ ಕೊಳ್ಳುವವರೂ ಇದ್ದಾರೆ, ಇರಲಿ. ಜೊತೆಗೆ ಬರುವ ಬರಹ, ಫೋಟೋಗಳಿಗೇ ನನ್ನ ಓಟು. ಯಾರು, ಯಾವಾಗ, ಯಾವ ಯಂತ್ರದಲ್ಲಿ ಮಾಡಿದರು ಅನ್ನುವುದು ಅಲ್ಲಿ ಸಿಗುತ್ತದೆ.

[ದೃಶ್ಯ: ಬೂಸ್ಟು ಹಿಡಿದ ಕ್ಯಾಸೆಟ್]

ಈಗ ನಮ್ಮ ಚಿಕ್ಕಮಗಳೂರಿಗೆ ಬನ್ನಿ, ನಿಮ್ಮ ಮನೆಯ ಹಳೆಯ ಕ್ಯಾಸೆಟ್ಟುಗಳ ಕಡೆಗೆ. ಕೆಲವು ಹಳೆಯ ರೀಲ್ ಟೇಪುಗಳು ತೇವ ಹೀರಿ ಅಂಟಂಟಾಗುತ್ತವೆ. ಪರಿಣತರು ಅವನ್ನು ಸುಮಾರು 55 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ಆಮೇಲೆ ಡಿಜಿಟಲ್ ಮಾಡುತ್ತಾರೆ. ನೀವು ಕ್ಯಾಸೆಟ್ಟನ್ನು ಓವನ್ನಿಗೆ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕೊಪ್ಪ, ಮೂಡಿಗೆರೆ ಮಳೆಯಲ್ಲಿ ಬರುವ ಸಮಸ್ಯೆ ಬೇರೆ, ಬಿಳಿ ಬೂಸ್ಟು. ಅದಿದ್ದರೆ ಪ್ಲೇಯರಿಗೆ ಹಾಕಲೇಬೇಡಿ. ಬೂಸ್ಟು ಯಂತ್ರಕ್ಕೆ ಹತ್ತಿ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಒಣ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟು, ಮೇಲೆ ಚೀಟಿ ಹಚ್ಚಿ: ಯಾರ ದನಿ, ಯಾವ ಊರು, ಯಾವ ವರ್ಷ.