ಮೀಟರ್ ಯಾರ ಹೆಸರಿನಲ್ಲಿದೆ?

ಕೇಳುಗರಿಗೆ ನಮಸ್ಕಾರ. ಕಳೆದ ಶ್ರಾವಣದಲ್ಲಿ ವಿಜಯಪುರದ ನನ್ನ ಕಚೇರಿಗೆ ನಿವೃತ್ತ ಮಾಸ್ತರರೊಬ್ಬರು ಬಂದು, ಪಾಸ್‌ಬುಕ್ಕಿನೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ಕಾಗದವೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅವರ ಇಂಟರ್‌ನೆಟ್ ಸಂಪರ್ಕದಿಂದ ಹೊಸ ಚಲನಚಿತ್ರವೊಂದನ್ನು ಕದ್ದು ಇಳಿಸಿಕೊಳ್ಳಲಾಗಿದೆ, 7 ದಿನಗಳೊಳಗೆ 20,000 ರೂಪಾಯಿ ಕಟ್ಟದಿದ್ದರೆ ಮೊಕದ್ದಮೆ ಹೂಡುತ್ತೇವೆ ಎಂದು ಕಂಪನಿಯೊಂದರ ಪರವಾಗಿ ಬಂದ ನೋಟಿಸು ಅದು. "ನಾ ಟಾಕೀಜಿನ ಮೆಟ್ಲ ಹತ್ತಿ ಹತ್ತ ವರ್ಷ ಆತ್ರೀ ವಕೀಲ್ರ, ಆದ್ರೂ ರೊಕ್ಕ ಕಟ್ಟಿಬಿಡ್ತೀನ್ರೀ, ಮಗಳ ಲಗ್ನ ಹತ್ರ ಬಂದೈತಿ" ಎಂದರು.

ವಿಚಾರಿಸಿದಾಗ ತಿಳಿಯಿತು: ಅವರ ಮನೆಯ ಮಹಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಆರು ಹುಡುಗರು ಬಾಡಿಗೆಗಿದ್ದಾರೆ, ವೈಫೈ ಪಾಸ್‌ವರ್ಡನ್ನು ಮಾಸ್ತರರೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಮೆಟ್ಟಿಲ ಗೋಡೆಗೆ ಅಂಟಿಸಿದ್ದಾರೆ. ಕಂಪನಿಯ ಕೈಯಲ್ಲಿದ್ದುದು ಒಂದು ಐಪಿ ವಿಳಾಸ, ಅಂದರೆ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ ಮಾತ್ರ. ಅದು ನಿಮ್ಮ ಕರೆಂಟ್ ಬಿಲ್ಲಿನ ಆರ್.ಆರ್. ನಂಬರಿನಂತೆ. ಮೀಟರ್ ಯಜಮಾನನ ಹೆಸರಿನಲ್ಲಿರುತ್ತದೆ. ಮಹಡಿಯಲ್ಲಿ ಹೀಟರ್ ಹಚ್ಚಿದವರು ಯಾರೆಂದು ಅದು ಹೇಳುವುದಿಲ್ಲ.

ಕೇಳಿದ ಮೊತ್ತವನ್ನೂ ಗಮನಿಸಿ. ವಕೀಲರನ್ನಿಟ್ಟು ಮೊಕದ್ದಮೆ ನಡೆಸುವ ಖರ್ಚಿಗಿಂತ ಅದು ಕಡಿಮೆ. ತಪ್ಪು ಮಾಡದವನೂ ಕೊಟ್ಟು ಕೈತೊಳೆದುಕೊಳ್ಳಲಿ ಎಂಬುದೇ ಲೆಕ್ಕ. ನಮ್ಮ ಕಡೆ ಇದಕ್ಕೆ ಹಫ್ತಾ ಎನ್ನುತ್ತಾರೆ. ಮಾತು ಒರಟಾಯಿತು, ಕ್ಷಮಿಸಿ.

ಕಲಾವಿದರ ದುಡಿಮೆಯನ್ನು ಕದಿಯುವುದು ಅಪರಾಧವೇ. ಗೊತ್ತಿದ್ದೂ ಕದ್ದವರಿಗೆ 1957ರ ಕೃತಿಸ್ವಾಮ್ಯ ಕಾಯಿದೆಯ 63ನೇ ಕಲಂ ಮೂರು ವರ್ಷದವರೆಗೆ ಸಜೆ ವಿಧಿಸುತ್ತದೆ. ಆದರೆ ಕದ್ದವರನ್ನು ತೋರಿಸುವ ಹೊಣೆ ದೂರುವವರದು. ಮೀಟರ್ ತೋರಿಸಿದರೆ ಸಾಲದು. 2003ರಲ್ಲಿ ಅಮೆರಿಕದ ಸಂಗೀತ ಕಂಪನಿಗಳು ಸಾಮಾನ್ಯರ ಮೇಲೆ ಸಾಲುಸಾಲಾಗಿ ಮೊಕದ್ದಮೆ ಹೂಡಿದಾಗ, ನ್ಯೂಯಾರ್ಕಿನ 12 ವರ್ಷದ ಹುಡುಗಿಯೊಬ್ಬಳೂ ಅದರಲ್ಲಿ ಸಿಕ್ಕಿ, ಅವಳ ತಾಯಿ 2,000 ಡಾಲರ್ ತೆರಬೇಕಾಯಿತು. 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು, ಹಲವರು ಬಳಸುತ್ತಿದ್ದ ಆರೈಕೆ ಮನೆಯೊಂದರ ಪ್ರಕರಣದಲ್ಲಿ, ಸಂಪರ್ಕ ಒಬ್ಬರ ಹೆಸರಿನಲ್ಲಿದೆ ಎಂಬುದಷ್ಟೇ ಆರೋಪಕ್ಕೆ ಸಾಲದು ಎಂದಿತು. ಮಾಸ್ತರರ ಮನೆಯ ಕಥೆಯೂ ಅದೇ.

ಸಮಯ ಮುಗಿಯುತ್ತ ಬಂದಿದೆ, ಬೇಗ ಹೇಳುತ್ತೇನೆ. ಅದೇ ಕಾಯಿದೆಯ 60ನೇ ಕಲಮಿನ ಪ್ರಕಾರ, ಆಧಾರವಿಲ್ಲದ ಬೆದರಿಕೆಗೆ ಗುರಿಯಾದವರೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು. ಹೆದರಿ ಹಣ ಕಟ್ಟುವ ಮೊದಲು ಪಕ್ಕದ ವಕೀಲರಿಗೆ ನೋಟಿಸನ್ನೊಮ್ಮೆ ತೋರಿಸಿ. ಮಾಸ್ತರರ ಪರವಾಗಿ ನಾನು ಒಂದೇ ಪ್ರಶ್ನೆಯ ಪತ್ರ ಬರೆದೆ: ಇಳಿಸಿಕೊಂಡವರು ಯಾರು? ಎಂಟು ತಿಂಗಳಾಯಿತು, ಉತ್ತರ ಬಂದಿಲ್ಲ. ಗೋಡೆಯ ಮೇಲಿನ ಚೀಟಿಯನ್ನು ಮಾತ್ರ ಮಾಸ್ತರರು ಅಂದೇ ಕಿತ್ತಿದ್ದಾರೆ.